ಕಪಾಟಿನ ಋಣ

ನಮ್ಮ ಕೂಟದ ಆಸ್ತಿಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಒಂದು ಕಬ್ಬಿಣದ ಕಪಾಟು. ಅದರೊಳಗೆ 38 ಉದ್ದನೆಯ ನೋಟುಬುಕ್ಕುಗಳು, ಎರಡು ಹಾರ್ಡ್ ಡಿಸ್ಕು, ಒಂದು ಹಳೆಯ ಸ್ಕ್ಯಾನರು. ಗೋರಿಕಲ್ಲು ತೊಳೆಯಲು ನಾಲ್ಕು ಬ್ರಷ್ಷು, ಒಂದು ಬಕೆಟ್ಟು. ಖೋಲಿ ನಮ್ಮದಲ್ಲ, ಗೆಳೆಯರೊಬ್ಬರ ಬಟ್ಟೆ ಅಂಗಡಿಯ ಮಾಳಿಗೆ. ಅವರು ಬಾಡಿಗೆ ಕೇಳಿಲ್ಲ. ಆದರೆ ರಮಜಾನ್ ಹತ್ತಿರ ಬಂದಾಗ ಅಂಗಡಿಯ ಸರಕೆಲ್ಲ ಮೇಲೇರಿ ಕೂರುತ್ತದೆ, ನಾವು ಮೆಟ್ಟಿಲ ಮೇಲೆ ಸಾಲಾಗಿ ಕೂತು ಸಭೆ ನಡೆಸುತ್ತೇವೆ.

ನಾವು ಎಂದರೆ 2009ರಲ್ಲಿ ಏಳು ಮಂದಿ. ಈಗ ನಾಲ್ಕು. ಊರು ಬಿಜಾಪುರ. 2014ರಿಂದ ಸರ್ಕಾರಿ ಕಾಗದದಲ್ಲಿ ಅದು ವಿಜಯಪುರ, ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ. ಗೋಳಗುಮ್ಮಟವನ್ನೂ ಇಬ್ರಾಹಿಂ ರೋಜಾವನ್ನೂ ನೋಡಿಕೊಳ್ಳಲು ಪುರಾತತ್ವ ಇಲಾಖೆ ಇದೆ. ಊರಿನ ಅರಬಿ, ಫಾರ್ಸಿ ಶಾಸನಗಳನ್ನು ಎಂ. ನಾಜಿಮ್ ಅವರು ಓದಿ 1936ರಲ್ಲೇ ಪುಸ್ತಕ ಮಾಡಿದ್ದಾರೆ. ಅದಕ್ಕೂ ಮೊದಲು, 1915ರಲ್ಲಿ, ಬಶೀರುದ್ದೀನ್ ಅಹ್ಮದ್ ಅವರ 'ವಾಕಿಆತೆ ಮಮ್ಲಿಕತೆ ಬಿಜಾಪುರ' ಉರ್ದುವಿನಲ್ಲಿ ಬಂದಿತ್ತು. ಸುಲ್ತಾನರ, ವಜೀರರ, ಸೂಫಿಗಳ ಲೆಕ್ಕ ಇಡುವವರಿಗೆ ಕೊರತೆಯಿಲ್ಲ. ನಮ್ಮ ಕಣ್ಣು ಹೋದದ್ದು ಮೊಹಲ್ಲಾದ ಖಬರಸ್ತಾನಗಳ ಕಡೆಗೆ. ಅಲ್ಲಿ ಜಾಗ ಸಾಲದೆ ಹಳೆಯ ಗೋರಿಯ ಮೇಲೇ ಹೊಸ ಗೋರಿ ಬೀಳುತ್ತದೆ. ಕಲ್ಲು ಪಕ್ಕಕ್ಕೆ ಸರಿಯುತ್ತದೆ, ಆಮೇಲೆ ಯಾರದೋ ಬಚ್ಚಲಿಗೆ ಹಾಸುಗಲ್ಲಾಗುತ್ತದೆ. ಹಳೆಯ ಪದ್ಧತಿಯಲ್ಲಿ ಗಂಡಸಿನ ಗೋರಿಯ ಮೇಲೆ ಕಲಂದಾನಿನಂಥ ಉದ್ದನೆಯ ದಿಂಡು, ಹೆಂಗಸಿನ ಗೋರಿಯ ಮೇಲೆ ಬಳಪದ ಹಲಗೆಯಂಥ ಚಪ್ಪಟೆ ಕಲ್ಲು. ಹಲಗೆ ಇರುತ್ತದೆ. ನಾವು ತೊಳೆದ ಹಲಗೆಗಳಲ್ಲಿ ಹೆಚ್ಚಿನವುಗಳ ಮೇಲೆ ಅಕ್ಷರವಿರಲಿಲ್ಲ.

ಗೋರಿಯಿಂದ ಮನೆಗೆ ಬಂದೆವು. ಮನೆಗಳಲ್ಲಿ ಗಂಟುಗಳಿವೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಜಂತಿಗೆ ತೂಗುಹಾಕಿದ ಅಥವಾ ಟ್ರಂಕಿನ ತಳದಲ್ಲಿ ಅಡಗಿಸಿದ ಕಾಗದದ ಗಂಟು. ನಮ್ಮ ಜಿಲ್ಲೆಯ ಚರಿತ್ರೆ ಗೊತ್ತಿದ್ದವರಿಗೆ ಆ ಗಂಟಿನಲ್ಲಿ ಏನಿರುತ್ತದೆಂದು ಊಹಿಸುವುದು ಕಷ್ಟವಲ್ಲ. 1686ರಲ್ಲಿ ಆದಿಲಶಾಹಿ ಮುಗಿದು ಮೊಗಲರು ಬಂದರು. ಆಮೇಲೆ ನಿಜಾಮ, ಆಮೇಲೆ ಪೇಶ್ವೆ, 1818ರ ನಂತರ ಸಾತಾರೆಯ ರಾಜ, ಕೊನೆಗೆ ಇಂಗ್ಲಿಷರು. ಹೀಗಾಗಿ ಒಂದೇ ಮನೆತನದ ಗಂಟಿನಲ್ಲಿ ಫಾರ್ಸಿ ಸನದು, ಮೋಡಿ ಲಿಪಿಯ ಮರಾಠಿ ಕಾಗದ, ಅಜ್ಜ ಬರೆದ ಉರ್ದು ಪತ್ರ, ಅಪ್ಪನ ಕಾಲದ ಕನ್ನಡ ಪಹಣಿ ಎಲ್ಲವೂ ಸಿಗುತ್ತವೆ. ನಾಲ್ಕನ್ನೂ ಓದಬಲ್ಲ ಒಬ್ಬ ಮನುಷ್ಯನನ್ನೂ ನಾವು ಕಂಡಿಲ್ಲ. ಉರ್ದು ಶಾಲೆಯಲ್ಲಿ ಕಲಿತು ಆಮೇಲೆ ಕನ್ನಡಕ್ಕೆ ಬಂದ ನಮ್ಮಂಥವರಿಗೆ ಎರಡು ಕೈಗೆ ಸಿಗುತ್ತವೆ, ಎರಡು ಸಿಗುವುದಿಲ್ಲ.

ಈ ಗಂಟುಗಳು ಪ್ರೀತಿಯಿಂದ ಮಾತ್ರ ಉಳಿದವಲ್ಲ. ಮುಂಬೈ ಇಲಾಖೆಯಲ್ಲಿ 1852ರ ಇನಾಂ ಆಯೋಗ ಬಂದು, ನಿಮ್ಮ ಇನಾಮಿಗೆ ಆಧಾರವೇನು ತೋರಿಸಿ ಎಂದು ಕೇಳಿತು. ಸನದು ತೋರಿಸಿದವನ ಭೂಮಿ ಉಳಿಯಿತು, ತೋರಿಸಲಾರದವನದು ಹೋಯಿತು. ಕಾಗದದ ಚೂರನ್ನೂ ಬಿಸಾಡಬಾರದೆಂಬ ಪಾಠ ಆಗ ಕಲಿತದ್ದು. ಇಂದಿಗೂ ಅಪ್ಪ ತೀರಿದ ಮೇಲೆ ಪೌತಿ ಖಾತೆ ಆಗಬೇಕಾದರೆ ನಾಡಕಚೇರಿಯಿಂದ ವಂಶವೃಕ್ಷ ಬೇಕು. ಶಜರಾ ಎನ್ನಿ, ವಂಶವೃಕ್ಷ ಎನ್ನಿ, ಈ ಮರದ ಬೇರು ಮೊದಲಿನಿಂದಲೂ ಹೊಲದಲ್ಲಿದೆ. ಇದನ್ನು ಮರೆತು, ನಾವೇನೋ ಬರಿಯ ಸಂಸ್ಕೃತಿಯ ಕೆಲಸ ಮಾಡುತ್ತಿದ್ದೇವೆ ಎಂದು ಬಹಳ ದಿನ ನಂಬಿಕೊಂಡಿದ್ದೆವು.

ನಮ್ಮ ಭಾಗದಲ್ಲಿ ಈ ಕೆಲಸ ಮಾಡುವವರು ಹಿಂದಿನಿಂದ ಇದ್ದಾರೆ. ಹೆಳವರು. ಎತ್ತಿನ ಮೇಲೆ ಕೂತು ಊರಿಂದೂರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಹತ್ತು ತಲೆಮಾರಿನ ಹೆಸರು ಹೇಳಿ ಕಾಳು ಪಡೆದು ಹೋಗುವವರು. ಕಾಲ ಬದಲಾಗಿದೆ, ಆದರೂ ಅವರ ಹೊತ್ತಗೆಗಳಿನ್ನೂ ಇವೆ. ಹೆಳವ ದುಡ್ಡಿಗೆ ಹಾಡುತ್ತಾನೆ, ನಾವಾದರೋ ಫೀಸಬೀಲಿಲ್ಲಾಹ್, ದೇವರ ದಾರಿಯಲ್ಲಿ, ಒಂದು ಪೈಸೆ ಮುಟ್ಟದೆ ಮಾಡುತ್ತೇವೆ ಎಂಬ ಒಣಜಂಬ ನಮ್ಮಲ್ಲಿತ್ತು. ಈಗ ಯೋಚಿಸಿದರೆ ಹೆಳವನ ಸ್ಥಿತಿ ನಮ್ಮದಕ್ಕಿಂತ ಶುದ್ಧ. ಅವನು ತಪ್ಪು ಹೆಸರು ಹೇಳಿದರೆ ಮನೆಯ ಮುದುಕಿ ಅಲ್ಲೇ ತಿದ್ದುತ್ತಾಳೆ, ಕಾಳಿನ ಮೊರ ಒಳಗೆ ಹೋಗುತ್ತದೆ. ಮುಂದಿನ ಸಲ ಅವನು ಅದೇ ಬಾಗಿಲಿಗೆ ಬರಲೇಬೇಕು. ನಮ್ಮನ್ನು ತಿದ್ದುವವರು ಯಾರು? ಸಂಬಳವಿಲ್ಲದವನಿಗೆ ಲೆಕ್ಕ ಕೇಳುವುದು ಹೇಗೆ? ಭಾನುವಾರದ ನಿದ್ದೆ ಬಿಟ್ಟು, ಸ್ವಂತ ಪೆಟ್ರೋಲು ಸುಟ್ಟು ಬಂದವನಿಗೆ, ಅಣ್ಣಾ ನೀನು ಬರೆದದ್ದು ತಪ್ಪು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ನೋಂದಣಿ ಮಾಡಿಸೋಣ ಎಂಬ ಮಾತು ಎರಡು ಸಲ ಬಂತು. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಮಂದಿ ಬೇಕು, ಆಗ ನಾವು ಸರಿಯಾಗಿ ಏಳೇ ಇದ್ದೆವು. ವರ್ಷಕ್ಕೊಂದು ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಆಡಿಟ್ಟು. "ನಾಕು ನೋಟಬುಕ್ಕಿಗೆ ಆಡಿಟರ್ ಯಾಕ್ರಿ?" ಎಂದು ಯಾರೋ ನಕ್ಕರು, ಎಲ್ಲರೂ ನಕ್ಕೆವು. ನಮ್ಮೂರಲ್ಲಿ ಇಂಥ ಮಾತು ಬಂದಾಗಲೆಲ್ಲ ಫ.ಗು. ಹಳಕಟ್ಟಿಯವರ ಹೆಸರು ಬರುತ್ತದೆ. ವಕೀಲರಾಗಿದ್ದು, ಮನೆಮನೆಯ ತಾಳೆಗರಿ ಹುಡುಕಿ, 1923ರಲ್ಲಿ 'ವಚನ ಶಾಸ್ತ್ರ ಸಾರ' ತಂದವರು, ಛಾಪಖಾನೆಗಾಗಿ ಇದ್ದ ಮನೆಯನ್ನೇ ಮಾರಿದವರು. ಅವರಿಗೆ ಯಾವ ಆಡಿಟರ್ ಇದ್ದ ಎಂದು ನಮ್ಮವರ ವಾದ. ಆದರೆ ಹಳಕಟ್ಟಿಯವರು ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕಿದರು. ಅಚ್ಚಾದ ಪಾಠದ ತಪ್ಪನ್ನು ಯಾರೂ ಎತ್ತಿ ತೋರಿಸಬಹುದಿತ್ತು. ನಾವು ಬರೆದದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು.

ಕಪಾಟು ಬಂದ ಕಥೆ ಇದು. ಆ ಮನೆತನದ ಹೆಸರೂ ಊರೂ ಇಲ್ಲಿ ಬೇಡ. ಜಮೀನು ಉಳಿಸಿಕೊಂಡ, ಓದಿದ ಮಕ್ಕಳಿರುವ, ಊರಲ್ಲಿ ಮಾತು ನಡೆಯುವ ಮನೆ. ಮೊಮ್ಮಗನ ಮದುವೆಯ ಹೊತ್ತಿಗೆ ಮನೆತನದ ಶಜರಾ ಅಚ್ಚು ಹಾಕಿಸಿ ಹಂಚಬೇಕೆಂದು ಹಿರಿಯರ ಆಸೆ. ಗಂಟು ಬಿಚ್ಚಿ ನಮ್ಮ ಮುಂದಿಟ್ಟರು, ಊಟ ಹಾಕಿದರು, ತಾವೇ ಕೂತು ಒಂದೊಂದು ಹೆಸರಿಗೂ ನೆನಪು ಹೇಳಿದರು. ಶುರುವಿನಿಂದಲೂ ನಮ್ಮದೊಂದು ನಿಯಮ: ಹೆಣ್ಣುಮಕ್ಕಳ ಹೆಸರನ್ನೂ ಬರೆಯುವುದು. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಗೊಣಗುತ್ತಾರೆ. ಇವರು ಗೊಣಗಲಿಲ್ಲ. ಅಜ್ಜಿಯರ, ಸೋದರತ್ತೆಯರ ಹೆಸರೆಲ್ಲ ಬರೆಸಿದರು. ಕೊನೆಗೆ ಕರಡು ಓದಿ ತೋರಿಸುವಾಗ ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಇದೊಂದು ಬ್ಯಾಡ್ರಿ."

ಅವರ ಅಜ್ಜನ ತಂಗಿ. 1940ರ ದಶಕದಲ್ಲಿ ತಾನು ಮೆಚ್ಚಿದವನನ್ನು ನಿಕಾಹ್ ಆದವಳು. ಹುಡುಗ ಮುಸಲ್ಮಾನನೇ, ಆದರೆ ನದಾಫರ ಪೈಕಿ, ಹತ್ತಿ ಹಿಂಜುವ ಮನೆಯವನು. ಮನೆ ಅವಳನ್ನು ಕಳೆದುಕೊಂಡಿತು, ಅವಳ ಪಾಲಿನ ಜಮೀನು ಅಣ್ಣತಮ್ಮಂದಿರಲ್ಲೇ ಉಳಿಯಿತು. ಇಸ್ಲಾಮಿನಲ್ಲಿ ಜಾತಿಯಿಲ್ಲವೆಂದು ವೇದಿಕೆಯ ಮೇಲೆ ಹೇಳುವವರು ನಾವೆಲ್ಲರೂ. ಖಾನೆ ಖಾನೆಯಾಗಿ ಬಾಡೂಟ ಉಣ್ಣುವವರೂ ನಾವೇ.

ನಾವೇನು ಮಾಡಿದೆವು? ಪೆನ್ಸಿಲಿನಲ್ಲಿ ಬರೆದಿದ್ದ ಹೆಸರಿನ ಮೇಲೆ ಗೆರೆ ಎಳೆದೆವು. ಅವರ ಮನೆ, ಅವರ ಮರ. ನಾವು ಬರಿಯ ಸೇವಕರು ಎಂದುಕೊಂಡೆವು. ಮದುವೆ ಆಯಿತು, ಹಾಳೆ ಹಂಚಿದರು, ಎಲ್ಲರೂ ಮೆಚ್ಚಿದರು. ಅದೇ ತಿಂಗಳು ಕಪಾಟು ಬಂತು. ಗೆದ್ದಲಿಗೆ ನೋಟುಬುಕ್ಕು ಹೋಗುತ್ತಿರುವುದನ್ನು ಹಿರಿಯರು ನೋಡಿದ್ದರು, ಹಮಾಲರ ಕೈಯಲ್ಲಿ ಹೊರಿಸಿ ಕಳಿಸಿದರು. ಆ ಹೆಸರಿಗೂ ಈ ಕಪಾಟಿಗೂ ಸಂಬಂಧವಿದೆಯೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಸಂಬಂಧ ಇರಲೂ ಇಲ್ಲ ಎಂದು ಇವತ್ತೂ ಅನ್ನಿಸುತ್ತದೆ, ಅವರು ನಿಜಕ್ಕೂ ಕೊಡುಗೈಯವರು. ಆದರೆ ಕಪಾಟಿನ ಬಾಗಿಲು ತೆಗೆದಾಗಲೆಲ್ಲ ಒಂದು ಸಣ್ಣ ಸದ್ದು ಬರುತ್ತಿತ್ತು, ಅದು ಕೀಲಿನದು ಮಾತ್ರ ಎಂದು ನಮಗೆ ನಾವೇ ಹೇಳಿಕೊಳ್ಳಬೇಕಾಗುತ್ತಿತ್ತು.

ಮೂರು ವರ್ಷದ ಮೇಲೆ ಬಾಗಲಕೋಟೆ ಕಡೆಯಿಂದ ಒಬ್ಬ ಮಾಸ್ತರಬಾಯಿ ಬಂದರು. ಐವತ್ತರ ಹತ್ತಿರದ ವಯಸ್ಸು, ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ನಿಕಾಹ್‌ನಾಮೆ. ವಧುವಿನ ಹೆಸರು, ತಂದೆಯ ಹೆಸರು, ಊರು. "ನಮ್ಮ ನಾನಿದು ಇದು. ಆಕಿ ತವರು ಯಾವುದಂತ ಯಾರೂ ನಮಗ ಹೇಳಿಲ್ರಿ. ನಿಮ್ಮ ಹತ್ರ ಎಲ್ಲಾರ ಹೆಸರು ಇರ್ತಾವಂತ, ನೋಡ್ರಿ ಭಾಯಿ, ಇಕಿದೂ ಐತೇನು?"

ನಮ್ಮ ನೋಟುಬುಕ್ಕಿನಲ್ಲಿ ಹೆಸರಿತ್ತು, ಗೆರೆಯ ಕೆಳಗೆ. ಆ ಗೆರೆ ನಮ್ಮ ಕೈಯದು. "ಹುಡುಕಿ ಹೇಳ್ತೀವಿ ಆಪಾ" ಎಂದು ಚಹಾ ಕುಡಿಸಿ ಕಳಿಸಿದೆವು. ಅದು ಸುಳ್ಳಲ್ಲ ಎಂದು ವಾದಿಸಬಹುದು. ಸತ್ಯವೂ ಅಲ್ಲ.

ಮುಂದಿನ ಎರಡು ವಾರ ನಮ್ಮೊಳಗೆ ನಡೆದ ಜಗಳವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯಾರ ಮಾತೂ ಹಗುರವಾಗಿರಲಿಲ್ಲ. ಒಬ್ಬರು ಅಂದರು: ಆ ಮನೆಯವರು ನಂಬಿ ಗಂಟು ಬಿಚ್ಚಿದ್ದಾರೆ, ಅದು ಅಮಾನತ್, ಅಮಾನತಿಗೆ ದ್ರೋಹ ಮಾಡಬಾರದು. ಇನ್ನೊಬ್ಬರು ಅಂದರು: ಸತ್ತವರ ಮನೆಯ ಒಳಗಿನ ಮಾತನ್ನು ಹೊರಗಿನವರಿಗೆ ಹೇಳುವುದು ಗೀಬತ್, ಸತ್ತ ಸಹೋದರನ ಮಾಂಸ ತಿಂದಂತೆ ಎಂದು ಕುರ್‌ಆನ್ ಎಚ್ಚರಿಸಿದ ಪಾಪ. ಮೂರನೆಯವರು ಕೋರ್ಟಿನ ಮಾತೆತ್ತಿದರು. ನಾಳೆ ಈಕೆ ಪಾಲು ಕೇಳಿದರೆ ನಮ್ಮ ನೋಟುಬುಕ್ಕು ಸಾಕ್ಷಿಯಾಗುತ್ತದೆ, ನಾವು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಆಗ ಯಾರೋ ಸಮಾಧಾನಕ್ಕೆ ಹೇಳಿದರು, ಆಕೆ ಜಮೀನು ಕೇಳುತ್ತಿಲ್ಲವಲ್ಲ, ಬರೀ ಹೆಸರು ತಾನೇ, ಕೊಟ್ಟರಾಯಿತು.

ನಮಗೆ ಹೆಚ್ಚು ಚುಚ್ಚಿದ್ದು ಈ ಕೊನೆಯ ಮಾತು. ಜಮೀನು ಕೇಳದಿದ್ದರೆ ಮಾತ್ರ ಅಜ್ಜಿ ಸಿಗಬೇಕೆ? ಮಗಳಿಗೆ ಮಗನ ಅರ್ಧದಷ್ಟು ಪಾಲು ಎಂದು ಸೂರೆ ನಿಸಾ ಲೆಕ್ಕ ಹಾಕಿ ಕೊಟ್ಟಿದೆ. ಕೊಡದೆ ಹೋದದ್ದು ಅಣ್ಣತಮ್ಮಂದಿರು. ನಮ್ಮ ಕಡೆ ಎಷ್ಟೋ ಅಕ್ಕತಂಗಿಯರು ತವರಿನ ಬಾಗಿಲು ಮುಚ್ಚದಿರಲಿ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡುತ್ತಾರೆ. ಇವಳಿಂದ ಆ ಸಹಿಯನ್ನೂ ಕೇಳಿರಲಿಲ್ಲ. ಅಲ್ಲಿಗೆ ಮೊದಲ ಅನ್ಯಾಯ ಅವರದು, ಎರಡನೆಯದು ನಮ್ಮದು. ಅವರಿಗೆ ಸಿಟ್ಟು ಇತ್ತು, ಲಾಭ ಇತ್ತು. ನಮಗೆ ಏನಿತ್ತು? ಬಿಟ್ಟಿ ಸೇವೆ ಮಾಡುತ್ತಿದ್ದೇವೆಂಬ ಧೈರ್ಯ ಇತ್ತು. ದುಡ್ಡಿಗೆ ಬರೆದಿದ್ದರೆ ಹಣ ಕೊಟ್ಟವನಿಗಾಗಿ ಅಳಿಸಿದೆವೆಂದು ಗೊತ್ತಾಗಿ ನಾಚಿಕೆಯಾಗುತ್ತಿತ್ತು. ಪುಕ್ಕಟೆ ಬರೆದದ್ದರಿಂದ ಅಳಿಸಿದ್ದೂ ಒಂದು ಉಪಕಾರದಂತೆ ಕಂಡಿತು.

ಗೀಬತ್ತಿನ ಮಾತನ್ನು ಮೊದಲು ಬಿಡಿಸಿಕೊಳ್ಳಬೇಕಿತ್ತು. ಇದಕ್ಕೆ ದಾರಿ ನಮ್ಮ ಪರಂಪರೆಯಲ್ಲೇ ಇದೆ. ಹದೀಸ್ ಸಂಗ್ರಹಿಸಿದವರ ಮುಂದೆ ಇದೇ ತೊಡಕಿತ್ತು. ಪ್ರವಾದಿಯವರ ಒಂದು ಮಾತು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯ ಒಂದೊಂದು ಕೊಂಡಿಯನ್ನೂ ಅವರು ಪರೀಕ್ಷಿಸಬೇಕಿತ್ತು. ಇವನ ನೆನಪು ಗಟ್ಟಿಯಲ್ಲ, ಅವನು ತನ್ನ ಗುರುವನ್ನು ಕಂಡೇ ಇರಲಿಲ್ಲ ಎಂದೆಲ್ಲ ಸತ್ತ ಸಜ್ಜನರ ಬಗ್ಗೆ ಬರೆಯಬೇಕಿತ್ತು. ಇಮಾಮ್ ಬುಖಾರಿಯವರು ಇಂಥ ವರದಿಗಾರರ ಮೇಲೆಯೇ ದೊಡ್ಡ ಗ್ರಂಥ ಬರೆದರು. ಇದು ಗೀಬತ್ ಆಗಲಿಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಇಮಾಮ್ ನವವಿಯವರು ಗೀಬತ್ತಿಗೆ ವಿನಾಯಿತಿಯಿರುವ ಸಂದರ್ಭಗಳನ್ನು ಹೇಳುವಾಗ, ಅನ್ಯಾಯಕ್ಕೊಳಗಾದವನು ದೂರು ಹೇಳುವುದನ್ನೂ, ವರದಿಗಾರರ ಪರೀಕ್ಷೆಯನ್ನೂ ಅದರಲ್ಲಿ ಸೇರಿಸಿದ್ದಾರೆ. ಅಂದರೆ ಬಾಯಿಚಪಲಕ್ಕೆ ಹೇಳುವುದು ಬೇರೆ, ಸತ್ಯ ನಿಲ್ಲಬೇಕಾದಲ್ಲಿ ಹೇಳುವುದು ಬೇರೆ. ಇನ್ನೊಂದು ಮಾತು. ಒಂಬತ್ತನೆಯ ಶತಮಾನದಲ್ಲಿ ಇಬ್ನ್ ಸಅದ್ ಅವರು ಸಹಾಬಿಗಳ ಚರಿತ್ರೆ ಬರೆದಾಗ ಕೊನೆಯ ಸಂಪುಟವನ್ನು ಪೂರ್ತಿಯಾಗಿ ಹೆಂಗಸರಿಗೇ ಕೊಟ್ಟರು. ಸಾವಿರದ ಇನ್ನೂರು ವರ್ಷ ಆದಮೇಲೆ ನಾವು ಒಂದು ಹಾಳೆಯಲ್ಲಿ ಒಬ್ಬಳಿಗೆ ಒಂದು ಗೆರೆಯ ಜಾಗ ಕೊಡಲಾರದೆ ಹೋದೆವು.

ಹಾಗಾದರೆ ವಂಶ ಎಂಬುದಕ್ಕೆ ಇಷ್ಟೇಕೆ ಒದ್ದಾಟ ಎಂದು ಓದುಗರು ಕೇಳಬಹುದು. ಇಬ್ನ್ ಖಲ್ದೂನರೇ ತಮ್ಮ ಮುಕದ್ದಿಮದಲ್ಲಿ ಈ ಮಾತು ಎತ್ತಿದ್ದಾರೆ. ಅವರ ದೃಷ್ಟಿಯಲ್ಲಿ ನಸಬ್ ಎಂಬುದು ಬಹುಪಾಲು ಕಲ್ಪನೆ, ಜನರನ್ನು ಒಬ್ಬರಿಗೊಬ್ಬರು ಹೊಂದಿಸಿ ಬಾಧ್ಯರಾಗಿಸುವಷ್ಟರ ಮಟ್ಟಿಗೆ ಮಾತ್ರ ಅದರ ಉಪಯೋಗ. ಕುಲ, ಗೋತ್ರಗಳು ಪರಸ್ಪರ ಗುರುತಿಸಿಕೊಳ್ಳಲಿಕ್ಕೆ, ಹೆಚ್ಚುಗಾರಿಕೆಗಲ್ಲ ಎಂಬುದು ಸೂರೆ ಹುಜುರಾತಿನ ಆಶಯ. ನಮ್ಮ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇದಲ್ಲ. ಅರಬಸ್ತಾನದಿಂದ, ಇರಾನಿನಿಂದ ಬಂದ ಒಬ್ಬ ಪೂರ್ವಜ ಬೇಕು. ಇಥಿಯೋಪಿಯದಲ್ಲಿ ಮಾರಾಟವಾಗಿ ಬಂದು ಅಹ್ಮದನಗರದ ರಾಜ್ಯವನ್ನೇ ಆಳಿದ ಮಲಿಕ್ ಅಂಬರ್, ಇಲ್ಲಿಯೇ ಮಹಮ್ಮದ್ ಆದಿಲಶಾಹನ ದರಬಾರಿನಲ್ಲಿ ಮೇಲೇರಿದ ಹಬಶಿ ಇಖ್ಲಾಸ್ ಖಾನ್, ಇವರ ಹೆಸರು ಭಾಷಣಕ್ಕೆ ಚೆಂದ. ನಿಮ್ಮ ಕಾಗದದಲ್ಲಿ ಒಬ್ಬ ಹಬಶಿ ಅಜ್ಜಿ ಇದ್ದಾಳೆ ಎಂದು ಒಂದು ಮನೆಯಲ್ಲಿ ಹೇಳಿ ನೋಡಿದೆವು. ಮುಂದಿನ ಭಾನುವಾರ ಗಂಟು ವಾಪಸು ಕೇಳಿದರು.

ಕೊನೆಗೆ ತೀರ್ಮಾನವಾದದ್ದು ಹೀಗೆ. ಮೊದಲು ಹಿರಿಯರ ಮನೆಗೆ ಹೋಗಿ, ನಾವು ಮಾಡಿದ್ದು ತಪ್ಪು, ಕರಡಿನ ಆ ಪುಟದ ನಕಲನ್ನು ಮೊಮ್ಮಗಳಿಗೆ ಕೊಡುತ್ತೇವೆ ಎಂದು ಹೇಳಿದೆವು. ಮಿಕ್ಕ ಕಾಗದ ಕೊಡುವುದಿಲ್ಲ, ಅದು ಅವರ ಅಮಾನತ್. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ನಿಮಗ ಯಾರು ಅಧಿಕಾರ ಕೊಟ್ರು?"

ಒಳ್ಳೆಯ ಪ್ರಶ್ನೆ. ಬರೆಯುವ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಅಳಿಸುವ ಅಧಿಕಾರವನ್ನೂ ಯಾರೂ ಕೊಟ್ಟಿರಲಿಲ್ಲ, ಆದರೆ ಆವತ್ತು ಅವರು ಅದನ್ನು ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ಕಪಾಟು ವಾಪಸು ಕಳಿಸುತ್ತೇವೆ ಎಂದಾಗ ಅವರು ಕೈ ಅಡ್ಡ ಮಾಡಿದರು. "ಅಲ್ಲಾನ ಹೆಸರಿಲೆ ಕೊಟ್ಟದ್ದು ಹೊಳ್ಳಿ ತಗೊಳ್ಳೂದಿಲ್ರಿ. ಅಲ್ಲೇ ಇರಲಿ." ಆಮೇಲೆ ನಮ್ಮ ಸಲಾಮಿಗೆ ಅವರು ಉತ್ತರ ಕೊಡುತ್ತಾರೆ, ನಿಂತು ಮಾತಾಡುವುದಿಲ್ಲ. ಕೂಟದಲ್ಲಿ ಇಬ್ಬರು ಆ ತಿಂಗಳೇ ಬಿಟ್ಟರು. ಒಬ್ಬರಿಗೆ ನಾವು ಮನೆ ಒಡೆಯುತ್ತಿದ್ದೇವೆ ಎನ್ನಿಸಿತು. ಇನ್ನೊಬ್ಬರಿಗೆ, ಇದನ್ನು ಹೇಳಲು ಎರಡು ವಾರ ಬೇಕಾಯಿತಲ್ಲ ಎನ್ನಿಸಿತು. ಎರಡನೆಯವರ ಅಗಲಿಕೆ ನಮಗೆ ಹೆಚ್ಚು ನೋವು ಕೊಟ್ಟಿತು.

ಮಾಸ್ತರಬಾಯಿ ಇದುವರೆಗೆ ಜಮೀನಿನ ಮಾತೆತ್ತಿಲ್ಲ, ಎತ್ತಿದರೆ ಅದು ಅವರ ಹಕ್ಕು. ನಾಲ್ಕು ತಿಂಗಳ ನಂತರ ಒಂದು ಫೋಟೋ ಕಳಿಸಿದರು. ನಾನಿಯ ಗೋರಿಯ ಚಪ್ಪಟೆ ಕಲ್ಲಿನ ಮೇಲೆ ಈಗ ಅಕ್ಷರವಿದೆ: ಇಂಥವರ ಮಗಳು, ಇಂಥ ಊರು.

ಆಮೇಲೆ ಕೆಲವು ಕಟ್ಟಳೆ ಮಾಡಿಕೊಂಡೆವು. ಶಜರಾ ಬರೆಯುತ್ತಿರುವ ಮನೆಯಿಂದ ಊಟವನ್ನು ಬಿಟ್ಟು ಏನೂ ಮುಟ್ಟುವುದಿಲ್ಲ. ಪೆನ್ಸಿಲ್ ಬಿಟ್ಟಿದ್ದೇವೆ, ಅಳಿಸುವುದು ಇದ್ದರೆ ಯಾರು, ಯಾವಾಗ, ಯಾಕೆ ಎಂದು ಪಕ್ಕದಲ್ಲಿ ಬರೆಯಬೇಕು. ಪ್ರತಿ ಹೆಸರಿನ ಎದುರು ಅದನ್ನು ಹೇಳಿದವರ ಹೆಸರು. ವರ್ಷಕ್ಕೊಮ್ಮೆ ಕೂಟಕ್ಕೆ ಸೇರದ ಒಬ್ಬರನ್ನು ಕರೆದು ಕಪಾಟು ಬಿಚ್ಚಿ ತೋರಿಸುತ್ತೇವೆ. ನಾಲ್ಕೇ ಜನ ಉಳಿದಿರುವಾಗ ಇದೆಲ್ಲ ಅತಿಯಾಯಿತು ಎನ್ನುವವರಿದ್ದಾರೆ.

ಅತಿಯಲ್ಲ ಎನ್ನಲು ಇನ್ನೊಂದು ಕಾರಣವಿದೆ. ನಮ್ಮಲ್ಲಿ ಶಿಕಸ್ತಾ ಬರಹ, ಆ ಮುರಿದು ಮುರಿದು ಓಡುವ ಫಾರ್ಸಿ ಕೈಬರಹ, ಓದಬಲ್ಲವರು ಒಬ್ಬರೇ ಇದ್ದರು. ನಿವೃತ್ತ ಉರ್ದು ಮಾಸ್ತರರು, ನಮಗೆ ಅಲಿಫ್ ಬೇ ಕಲಿಸಿದವರು. ಗಂಟಿನ ಕಾಗದಗಳ ಅನುವಾದವನ್ನು ಮನೆಯಲ್ಲೇ ಮಾಡಿ ಎರಡು ಟ್ರಂಕು ತುಂಬಿಸಿದ್ದರು. ಒಂದು ನಕಲು ಖೋಲಿಯಲ್ಲಿಡೋಣ ಎಂದು ಕೇಳಲು ನಮಗೆ ಸಂಕೋಚ. ಗುರುಗಳಿಗೆ ಲೆಕ್ಕ ಕೇಳಿದಂತಾಗುತ್ತದೆ ಎಂಬ ಅದಬು. 2021ರ ಕೊರೊನಾ ಎರಡನೆಯ ಅಲೆಯಲ್ಲಿ ಹೋದರು. ಜನಾಜಾಕ್ಕೆ ನಮ್ಮಲ್ಲಿ ಒಬ್ಬರಿಗೆ ಮಾತ್ರ ಹೋಗಲು ಸಾಧ್ಯವಾಯಿತು. ಮಕ್ಕಳು ಬೇರೆ ಊರಲ್ಲಿದ್ದರು, ಬಾಡಿಗೆ ಮನೆ ಖಾಲಿ ಮಾಡಿ ಹೋಗಿದ್ದರು. ನಾವು ಬಾಗಿಲಿಗೆ ಹೋಗುವಷ್ಟರಲ್ಲಿ ಕಾಗದವೆಲ್ಲ ರದ್ದಿಯವನ ತಕ್ಕಡಿ ಏರಿ ಹೋಗಿತ್ತು. ಮಕ್ಕಳದೇನು ತಪ್ಪು? ಅದರಲ್ಲಿ ಬೇರೆಯವರ ಮನೆತನಗಳಿವೆ ಎಂದು ಅವರಿಗೆ ಹೇಳಿದವರೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಅಸಾರ್ ಮಹಲಿನ ಹಸ್ತಪ್ರತಿಗಳನ್ನು ಇಂಗ್ಲಿಷರು ಲಂಡನ್ನಿಗೆ ಸಾಗಿಸಿದರು, ಅವು ಅಲ್ಲಿ ಪಟ್ಟಿಯಾಗಿ ಸುರಕ್ಷಿತವಾಗಿವೆ. ಅದನ್ನು ಲೂಟಿ ಎಂದು ಬೈದುಕೊಂಡೇ ಬೆಳೆದವರು ನಾವು. ಖಾಲಿ ಮನೆಯ ಮುಂದೆ ನಿಂತಾಗ ಆ ಬೈಗುಳ ನಾಲಿಗೆಗೆ ಬರಲಿಲ್ಲ.

ಹೊರಗಿನ ಗಾಳಿಯೂ ಹದವಾಗಿಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದು, ಪೌರತ್ವ ನೋಂದಣಿಯ ಭಯ ಹಬ್ಬಿದಾಗ ನಮ್ಮ ಮೆಟ್ಟಿಲ ತುಂಬ ಜನ. ಅದುವರೆಗೆ ಅಜ್ಜನ ಹೆಸರು ಕೇಳಿದರೆ ನಗುತ್ತಿದ್ದ ಹುಡುಗರು ಅಜ್ಜನ ಶಾಲೆಯ ದಾಖಲೆ ಹುಡುಕಿ ಕೊಡಿ ಎಂದು ಕೈ ಹಿಡಿದರು. ಭಯ ಇಳಿದ ಮೇಲೆ ಒಬ್ಬರೂ ಸದಸ್ಯರಾಗಿ ಉಳಿಯಲಿಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ರೈತರಿಗೆ ವಕ್ಫ್ ಜಮೀನಿನ ವಿಷಯವಾಗಿ ನೋಟಿಸು ಹೋಗಿ ರಾಜ್ಯವೆಲ್ಲ ಗದ್ದಲವಾಯಿತು, ಮುಂದೆ ಸರ್ಕಾರವೇ ಅವನ್ನು ಹಿಂದೆಗೆದುಕೊಳ್ಳಲು ಹೇಳಿತು. ಆದರೆ ಹಳ್ಳಿಯ ಮನಸ್ಸು ನೋಟಿಸಿನಷ್ಟು ಸುಲಭವಾಗಿ ಹಿಂದಕ್ಕೆ ಬರುವುದಿಲ್ಲ. ಹೊಲದ ಬದುವಿನಲ್ಲಿರುವ ಒಂದು ಹಳೆಯ ಗೋರಿಗೆ ಗುರುವಾರ ದೀಪ ಹಚ್ಚುತ್ತಿದ್ದ ಲಿಂಗಾಯತ ಗೌಡರು, ನಮಗೆ ಅದರ ಕಥೆ ಹೇಳಿದ್ದವರೇ, ಈ ಸಲ ಬದುವಿನ ಮೇಲೆ ಅಡ್ಡ ನಿಂತರು. "ಫೋಟೋ ಬ್ಯಾಡ ಸಾಹೇಬ್ರ. ನಿಮ್ಮ ಮ್ಯಾಲ ಸಂಶಯ ಅಲ್ಲ, ಹುಡುಗರು ಒಪ್ಪೂದಿಲ್ಲ." ನಾವು ವಾದಿಸಲಿಲ್ಲ. ಹಳೆಯ ಕಾಗದ, ಹಳೆಯ ಕಲ್ಲು ಹುಡುಕಿಕೊಂಡು ಬಂದವನ ಕೈಯಲ್ಲಿ ನಾಳೆ ಏನಾಗಬಹುದು ಎಂದು ಅವರು ಹೆದರಿದ್ದು ತಪ್ಪಲ್ಲ. ಆ ಹೆದರಿಕೆ ನಮಗೇ ಮೊದಲು ಇರಬೇಕಿತ್ತು. ಗೌಡರು ಮಜ್ಜಿಗೆ ಕುಡಿಸಿ ಕಳಿಸಿದರು.

ಎಲ್ಲ ಹೆಸರನ್ನೂ ಬರೆದುಬಿಡಿ ಎಂದು ಇಷ್ಟರಿಂದ ಹೇಳಿದಂತಾಯಿತೇ? ಅಷ್ಟು ಸಲೀಸಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಕಳೆದ ಚಳಿಗಾಲದಲ್ಲಿ ಒಬ್ಬ ವೃದ್ಧೆ ತಮ್ಮ ಮನೆಯ ಶಜರಾ ಹೇಳಿಸುತ್ತಿದ್ದರು. ಗುರುತು ಹತ್ತದಂತೆ ಎಲ್ಲವನ್ನೂ ಬದಲಿಸಿ ಬರೆಯುತ್ತಿದ್ದೇವೆ, ಗಂಡು ಹೆಣ್ಣಾಗಿರಬಹುದು, ಅಕ್ಕ ಅತ್ತೆಯಾಗಿರಬಹುದು. ತಮ್ಮಂದಿರ ಹೆಸರು ಹೇಳುತ್ತಾ ಒಬ್ಬನ ಹತ್ತಿರ ನಿಂತರು. ಅವನು ತಮ್ಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಕೂಸಿದ್ದಾಗ ತಂದು ಸಾಕಿದ್ದು. ಅವನಿಗೆ ಅರವತ್ತು ದಾಟಿದೆ, ಇಂದಿಗೂ ಗೊತ್ತಿಲ್ಲ. ಸಾಕಿದ ಮಕ್ಕಳನ್ನು ಹೆತ್ತ ತಂದೆಯ ಹೆಸರಿ‌ನಿಂದಲೇ ಕರೆಯಿರಿ ಎಂದು ಸೂರೆ ಅಹ್‌ಜಾಬ್ ಹೇಳುತ್ತದೆ. ಸಾಕುಮಗನಿಗೆ ವಾರಸಿನ ಪಾಲು ತಾನಾಗಿ ಬರುವುದಿಲ್ಲ, ವಸಿಯತ್ತಿನ ಮೂಲಕ ಮೂರನೆಯ ಒಂದು ಭಾಗದವರೆಗೆ ಕೊಡಬಹುದು. ಆ ತಂದೆ ಅಂಥ ಯಾವ ಕಾಗದವನ್ನೂ ಮಾಡಿರಲಿಲ್ಲ. ಮಗ ಎಂದೇ ತಿಳಿದು ಹೋದರು. ಹೆತ್ತವರ ಹೆಸರು ಈ ವೃದ್ಧೆಗೆ ಮಾತ್ರ ಗೊತ್ತು. "ನಿಮ್ಮ ಬುಕ್ಕಿನ್ಯಾಗ ಸುಳ್ಳು ಬರಸಾಕ ಮನಸು ಆಗಲಿಲ್ಲ, ಅದಕ್ಕ ಹೇಳಿದೆ. ಬರೀಬ್ಯಾಡ್ರಿ."

ಮೊದಲ ಮನೆಯ ಹಿರಿಯರೂ ಬರೆಯಬೇಡಿ ಎಂದೇ ಹೇಳಿದ್ದರು. ಎರಡೂ ಮಾತು ಕೇಳಲಿಕ್ಕೆ ಒಂದೇ. ಅಲ್ಲಿ ಅಳಿಸಿದ್ದರಿಂದ ಅಳಿಸಿದವರಿಗೆ ಭೂಮಿ ಉಳಿಯಿತು, ಇಲ್ಲಿ ಬರೆದರೆ ಬದುಕಿರುವ ಒಬ್ಬ ಮನುಷ್ಯನ ತಾಯಿ ತಂದೆ ಒಂದೇ ಸಾಲಿನಲ್ಲಿ ಹೋಗುತ್ತಾರೆ. ವ್ಯತ್ಯಾಸ ನಮಗೆ ಕಾಣುತ್ತದೆ. ಆದರೆ ಅವನ ಹೆತ್ತ ತಾಯಿಯ ಕಡೆಯ ಯಾರೋ ಒಬ್ಬ ಮಾಸ್ತರಬಾಯಿ ಎಂದಾದರೂ ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದರೆ ಏನು ಹೇಳುವುದು ಎಂದು ನಾಲ್ವರೂ ಕೂತು ಮಾತಾಡಿದ್ದೇವೆ, ಒಮ್ಮತಕ್ಕೆ ಬಂದಿಲ್ಲ. ಅವನ ಹೆಸರನ್ನು ಮಕ್ಕಳ ಸಾಲಿನಲ್ಲಿ ಬರೆಯಲೂ ಇಲ್ಲ, ಬಿಡಲೂ ಇಲ್ಲ. ಒಂದು ಸಾಲಿನಷ್ಟು ಜಾಗ ಬಿಟ್ಟು ಮುಂದೆ ಹೋಗಿದ್ದೇವೆ.

ಈಗ ಕಾಲೇಜು ಓದುವ ಒಬ್ಬ ಹುಡುಗಿ ಭಾನುವಾರ ಬಂದು ನೋಟುಬುಕ್ಕುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಿದ್ದಾಳೆ. ಚುರುಕು, ಎಲ್ಲದಕ್ಕೂ ಪ್ರಶ್ನೆ. ಮೊನ್ನೆ ಆ ಪುಟಕ್ಕೆ ಬಂದು ನಿಂತಳು.

"ಚಾಚಾ, ಇಲ್ಲಿ ಯಾಕ ಖಾಲಿ ಬಿಟ್ಟೀರಿ?"

"ಮುಂದಿನ ಪುಟ ತೆಗಿ ಬೇಟಾ."

ಅವಳು ನಮ್ಮ ಮುಖ ನೋಡಿದಳು. ಪುಟ ತಿರುವಲಿಲ್ಲ. ಸ್ಕ್ಯಾನರಿನ ಮುಚ್ಚಳ ಎತ್ತಿ ಆ ಪುಟವನ್ನೂ ಇಟ್ಟು ಬೆಳಕು ಹಾಯಿಸಿದಳು, ಅಂಚಿನಲ್ಲಿ ಪುಟದ ಸಂಖ್ಯೆ ಬರೆದಳು. ಆಮೇಲೆ ಷರಾದ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದಳು.